ಫಾಕ್ಸ್‌ಗ್ಲೋವ್: ಹೂ ಬಿಟ್ಟ ಕುಂಡವೋ, ಕಾಯಿಸುವ ಬೀಜವೋ?

ಫಾಕ್ಸ್‌ಗ್ಲೋವ್ ಹೂಗಿಡವನ್ನು ಹೂ ಬಿಟ್ಟ ಕುಂಡವಾಗಿ ತರಬೇಕೋ, ಬೀಜದಿಂದ ಬೆಳೆಸಬೇಕೋ? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಬೀಜಕ್ಕೆ. ನರ್ಸರಿಯಲ್ಲಿ ದುಡ್ಡು ಕಳೆದುಕೊಂಡ ಮೇಲೆ ಬಂದ ಬುದ್ಧಿ ಇದು.

ಆಗ ಹೂ ಬಿಟ್ಟಿದ್ದ ಮೂರು ಕುಂಡ ತಂದಿದ್ದೆ. ಎದೆಯುದ್ದದ ದಂಟು, ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುವ ಗಂಟೆಯಂಥ ಹೂ, ಒಳಗೆಲ್ಲ ಚುಕ್ಕೆ. ದುಂಬಿ ಒಳಗೆ ನುಗ್ಗಿದರೆ ಅದರ ಹಿಂಭಾಗ ಮಾತ್ರ ಕಾಣುತ್ತಿತ್ತು. ಹೂ ಉದುರಿದ ಮೇಲೆ ಗಿಡವೂ ಒಣಗಿತು. ನೀರು ಜಾಸ್ತಿ ಹಾಕಿದೆನೇನೋ ಅಂತ ಸುಮ್ನೆ ನನ್ನನ್ನೇ ಬೈದುಕೊಂಡೆ. ಆಮೇಲೆ ಗೊತ್ತಾಯಿತು, ಸಾಮಾನ್ಯ ಫಾಕ್ಸ್‌ಗ್ಲೋವ್, ಅಂದರೆ ಡಿಜಿಟಾಲಿಸ್ ಪರ್ಪ್ಯೂರಿಯಾ, 2 ವರ್ಷದ ಗಿಡ. ಮೊದಲ ವರ್ಷ ನೆಲಕ್ಕಂಟಿದ ಎಲೆ ಮಾತ್ರ. ಚಳಿಗಾಲ ದಾಟಿದ ಮೇಲೆ ಹೂ, ಬೀಜ, ಅಲ್ಲಿಗೆ ಸಾಮಾನ್ಯವಾಗಿ ಅದರ ಕಥೆ ಮುಗಿಯಿತು. ಅಂಗಡಿಯವರು ಒಂದು ಮಾತು ಹೇಳಬಹುದಿತ್ತು, ಅಲ್ವಾ?

ಮುಂದಿನ ಸಲ ಕ್ಯಾಮೆಲಾಟ್ ಬೀಜ ತಂದೆ. ಬೇಗ ಬಿತ್ತಿದರೆ ಅದೇ ವರ್ಷ ಹೂ ಬಿಡುವ ತಳಿ. ಬಿಟ್ಟಿತು ಕೂಡ. ಆದರೆ ಎಫ್1 ಹೈಬ್ರಿಡ್, ಅಂದರೆ ಎರಡು ತಳಿ ಕೂಡಿಸಿ ಪಡೆದ ಮೊದಲ ತಲೆಮಾರು. ಅದರ ಬೀಜ ಎತ್ತಿಟ್ಟರೆ ಮರಿ ತಾಯಿಯಂತೆಯೇ ಬರುತ್ತದೆ ಅನ್ನುವ ಹಾಗಿಲ್ಲ. ಹಾಗಾಗಿ ಪ್ರತಿ ಸಲ ಹೊಸ ಪೊಟ್ಟಣ. ನನ್ನ ಜೇಬಿಗೆ ಅದು ಒಗ್ಗಲಿಲ್ಲ.

ಸಾದಾ ಬೀಜದ್ದು ಒಂದೇ ರಗಳೆ, ಆದರೆ ದೊಡ್ಡ ರಗಳೆ. ಬೀಜ ನಶ್ಯದಷ್ಟು ಸಣ್ಣ. ಮೊದಲ ಸಲ ಅಭ್ಯಾಸಬಲದಿಂದ ಮೇಲೆ ಮಣ್ಣು ಮುಚ್ಚಿದೆ. ತಿಂಗಳಾದರೂ ಟ್ರೇ ಬೋಳು. ಇದು ಮೊಳೆಯಲು ಬೆಳಕು ಬೇಕಂತೆ!

ಎರಡನೇ ಸಲ ಮುಚ್ಚಲಿಲ್ಲ, ಆದರೆ ಮೇಲಿನಿಂದ ನೀರು ಸುರಿದೆ. ಬೀಜವೆಲ್ಲ ತೇಲಿಕೊಂಡು ಹೋಗಿ ಒಂದು ಮೂಲೆ ಸೇರಿತು. ಅಲ್ಲೇ ಪಾಚಿಯಂತೆ ಒತ್ತೊತ್ತಾಗಿ ಮೊಳೆತು, ಬುಡ ಕೊಳೆತು ಮಲಗಿಬಿಟ್ಟಿತು.

ಮೂರನೇ ಸಲ ಒಣ ಮರಳಿನ ಜೊತೆ ಬೆರೆಸಿ ಉದುರಿಸಿದೆ. ಅಂಗೈಯಿಂದ ಮೆಲ್ಲಗೆ ಒತ್ತಿದೆ. ಟ್ರೇಯನ್ನು ನೀರಿದ್ದ ಬೋಗುಣಿಯಲ್ಲಿಟ್ಟು, ಮೇಲ್ಮಣ್ಣು ಕಪ್ಪಾಗುತ್ತಿದ್ದಂತೆ ಎತ್ತಿದೆ. ಮೂರನೇ ವಾರ ಹಸಿರು ಚುಕ್ಕೆಗಳು ಕಂಡವು. ಆ ಬೆಳಗ್ಗೆ ಕನ್ನಡಕ ಹಾಕಿಕೊಂಡು ಎಷ್ಟು ಹೊತ್ತು ನೋಡಿದೆನೋ.

ಇನ್ನು ಬಣ್ಣ. ಸಸಿಯ ಎಲೆತೊಟ್ಟಿನಲ್ಲಿ ನೇರಳೆ ಛಾಯೆ ಇದ್ದರೆ ಹೂವೂ ನೇರಳೆ. ತೊಟ್ಟು ಬರೀ ಹಸಿರಾಗಿದ್ದರೆ ಬಿಳಿ ಹೂ ಬರುವ ಸಂಭವ ಜಾಸ್ತಿ.

ವಿಷದ ವಿಷಯದಲ್ಲಿ ಕುಂಡದ್ದು, ಕ್ಯಾಮೆಲಾಟ್, ಸಾದಾ ಬೀಜದ್ದು ಮೂರೂ ಒಂದೇ: ಎಲೆ, ಹೂ, ಬೀಜ ಎಲ್ಲವೂ ವಿಷ. ಹೃದಯಕ್ಕೆ ಕೊಡುವ ಡಿಜಾಕ್ಸಿನ್ ಎಂಬ ಔಷಧ ಇದೇ ಕುಲದ ಗಿಡದಿಂದ ಬಂದದ್ದು. ಕಂಡದ್ದನ್ನೆಲ್ಲ ಬಾಯಿಗಿಡುವ ಮಗು ಮನೆಯಲ್ಲಿದ್ದರೆ ಯಾವುದೂ ಬೇಡ.

ಈ ತಿಂಗಳೇ ಅಂಗಳ ತುಂಬಬೇಕು ಅನ್ನುವವರು ಕುಂಡ ತನ್ನಿ, ಒಂದೇ ಸೀಸನ್ನಿನ ಹೂ ಅಂತ ತಿಳಿದು ತನ್ನಿ. ಕಾಯಲಾರದವರಿಗೆ ಕ್ಯಾಮೆಲಾಟ್. ನಾನು ಕಾಯುತ್ತೇನೆ, ದುಡ್ಡು ಬಿಚ್ಚುವುದಿಲ್ಲ. ಸಾದಾ ಬೀಜವನ್ನೇ ಸತತ ಎರಡು ವರ್ಷ ಬಿತ್ತಿದೆ, ಈಗ ಹೂವಿಲ್ಲದ ವರ್ಷವಿಲ್ಲ. ಒಂದೆರಡು ದಂಟನ್ನು ಕತ್ತರಿಸದೆ ಬೀಜಕ್ಕೆ ಬಿಡುತ್ತೇನೆ. ಈ ಸಲ ಟ್ರೇ ಮುಟ್ಟೇ ಇಲ್ಲ, ಮೆಟ್ಟಿಲ ಸಂದಿಯಲ್ಲಿ ಆಗಲೇ ಏಳು ಸಸಿ ಎದ್ದಿವೆ.