ಕಿಲ್ಬೆಗನ್ನಿನ ನಾಲ್ಕು ವಿಸ್ಕಿ: ಸೂಟ್‌ಕೇಸಿಗೆ ಯಾವ ಎರಡು?

ಬಾಟಲಿಯ ಮೇಲೆ ಕಿಲ್ಬೆಗನ್ ಅಂತ ಬರೆದಿದ್ದರೂ, ಒಳಗಿರೋದೆಲ್ಲ ಐರ್ಲೆಂಡಿನ ಆ ಊರಿನ ಭಟ್ಟಿಯಲ್ಲೇ ಬಟ್ಟಿ ಇಳಿಸಿದ್ದಲ್ಲ. ಆ ವ್ಯತ್ಯಾಸ ನಾಲಿಗೆಗೆ ಗೊತ್ತಾಗುತ್ತಾ ಅಂತ ನೋಡೋಕೇ ಡಬ್ಲಿನ್ನಿನ ನಮ್ಮ ಮನೆಯಲ್ಲಿ ಒಂದು ಸಂಜೆ ಕನ್ನಡದ ಗೆಳೆಯರು ಸೇರಿದ್ದೆವು. ಆ ಹೆಸರಿನ ನಾಲ್ಕು ವಿಸ್ಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಕುಡಿದು ನೋಡಿದೆವು. ಮುಚ್ಚಿಹೋದ ಭಟ್ಟಿಯೊಂದು ಮತ್ತೆ ಶುರುವಾದ ಖುಷಿಗೆ ಗ್ಲಾಸ್ ಎತ್ತುವುದಾದರೆ, ಅದರಲ್ಲಿ ಆ ಭಟ್ಟಿಯ ವಿಸ್ಕಿಯೇ ಇರಬೇಕಲ್ವಾ?

ಊರಿನ ಕಥೆ ಸ್ವಲ್ಪ ಹೇಳಲೇಬೇಕು. ಕಿಲ್ಬೆಗನ್ ಇರುವುದು ಐರ್ಲೆಂಡಿನ ನಡುಭಾಗದ ವೆಸ್ಟ್‌ಮೀತ್ ಕೌಂಟಿಯಲ್ಲಿ, ಬ್ರಾಸ್ನಾ ಹೊಳೆಯ ದಡದಲ್ಲಿ. ಭಟ್ಟಿ ಶುರುವಾಗಿದ್ದು 1757ರಲ್ಲಿ. 1843ರಿಂದ ಅದನ್ನು ನಡೆಸಿದ್ದು ಲಾಕ್ ಮನೆತನ. 1866ರಲ್ಲಿ ಬಾಯ್ಲರ್ ಕೆಟ್ಟು ಕೂತಿತು, ಹೊಸದು ಹಾಕಿಸೋಕೆ ಮಾಲೀಕರ ಕೈಯಲ್ಲಿ ದುಡ್ಡಿರಲಿಲ್ಲ. ಊರಿನವರೇ ದುಡ್ಡು ಹಾಕಿ ಬಾಯ್ಲರ್ ತಂದುಕೊಟ್ಟರು! ಆದರೂ 1950ರ ದಶಕದಲ್ಲಿ ಕೆಲಸ ನಿಂತಿತು, 1957ರಲ್ಲಿ ಬಾಗಿಲಿಗೆ ಬೀಗ ಬಿತ್ತು. 1982ರಲ್ಲಿ ಕಟ್ಟಡ ಉಳಿಸಿ ಮ್ಯೂಸಿಯಂ ಮಾಡೋಕೆ ಮುಂದೆ ಬಂದವರೂ ಊರಿನವರೇ. ಆ ದಶಕದ ಕೊನೆಗೆ ಅದು ಕೂಲಿ ಅನ್ನೋ ಇನ್ನೊಂದು ಡಿಸ್ಟಿಲರಿಯ ಕೈಗೆ ಬಂತು. 2007ರಲ್ಲಿ, ಸರಿಯಾಗಿ 250 ವರ್ಷ ತುಂಬಿದಾಗ, ಬಟ್ಟಿ ಇಳಿಸುವ ಕೆಲಸ ಮತ್ತೆ ಶುರುವಾಯಿತು. ಈಗ ಕಿಲ್ಬೆಗನ್, ಕೂಲಿ ಎರಡೂ ಜಪಾನಿನ ಸಂಟೋರಿ ಕಂಪನಿಯವು.

ಅಲ್ಲಿನ ತಾಮ್ರದ ಹಂಡೆಗೆ ಸುಮಾರು 180 ವರ್ಷ ವಯಸ್ಸು ಅನ್ನುತ್ತಾರೆ. ಹಂಡೆ ಚಿಕ್ಕದು, ಇಳಿಯೋದು ಕಮ್ಮಿ. ಹಾಗಾಗಿ ಅಂಗಡಿಗಳಲ್ಲಿ ರಾಶಿ ರಾಶಿ ಸಿಗುವ ಬಾಟಲಿಗಳಿಗೆ ವಿಸ್ಕಿ ಬರುವುದು ಲೌತ್ ಕೌಂಟಿಯ ಕೂಲಿಯಿಂದ.

ಸೋಡಾ, ಐಸ್ ಎರಡೂ ಬೇಡ ಅಂದಿದ್ದೆ. ಬಾಯಿ ಕಿರಿದಾದ ಚಿಕ್ಕ ಗ್ಲಾಸುಗಳು, ಪಕ್ಕದಲ್ಲಿ ನೀರು. ಕಾಂಗ್ರೆಸ್ ಕಡಲೆಕಾಯಿ ಪ್ಯಾಕೆಟ್ಟನ್ನು ಕೊನೆಯವರೆಗೂ ಅಡುಗೆಮನೆಯಲ್ಲೇ ಬಚ್ಚಿಟ್ಟಿದ್ದೆ. ಇಂಗು, ಮೆಣಸು ಬಾಯಿಗೆ ಬಿದ್ದರೆ ಆಮೇಲೆ ವಿಸ್ಕಿಯ ರುಚಿ ಕೇಳೋರೇ ಇಲ್ಲ.

ಮೊದಲು ಟ್ರೆಡಿಷನಲ್ ಬ್ಲೆಂಡ್, ಅಂದರೆ ಬೇರೆ ಬೇರೆ ವಿಸ್ಕಿ ಬೆರೆಸಿದ್ದು. 40 ಶೇಕಡಾ ಆಲ್ಕೋಹಾಲ್, ನಾಲ್ಕರಲ್ಲಿ ಬೆಲೆ ಕಮ್ಮಿ. ಜೇನಿನ ಸಿಹಿ, ಸ್ವಲ್ಪ ನಿಂಬೆ ಸಿಪ್ಪೆಯ ವಾಸನೆ, ಅಷ್ಟೇ. ನೀರು ಹಾಕಿದರೆ ಸಪ್ಪೆ. ಇದು ಕೂಲಿಯದು. ಜಿಂಜರ್ ಏಲ್ ಜೊತೆ ಚೆನ್ನಾಗಿದೆ, ಸುಮ್ನೆ ಚಪ್ಪರಿಸೋಕೆ ಬೇಡ.

ಆಮೇಲೆ ಸಿಂಗಲ್ ಗ್ರೇನ್, 43 ಶೇಕಡಾ. ಸಿಂಗಲ್ ಅಂದರೆ ಒಂದೇ ಭಟ್ಟಿಯದು, ಒಂದೇ ಧಾನ್ಯದ್ದು ಅಂತಲ್ಲ. ಇದೂ ಕೂಲಿಯದೇ. 94 ಪಾಲು ಮುಸುಕಿನ ಜೋಳ, 6 ಪಾಲು ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿ. ವೆನಿಲಾ ಮುಂದೆ ಬರುತ್ತದೆ, ಗಂಟಲಲ್ಲಿ ಉರಿಯೇ ಇಲ್ಲ. ವಿಸ್ಕಿ ಅಂದರೆ ಮುಖ ಹಿಂಡುವ ಗೆಳತಿಯೊಬ್ಬಳು ಎರಡನೇ ಸಲ ಹಾಕಿಸಿಕೊಂಡಿದ್ದು ಇದನ್ನೇ. ನನಗೆ ಸಿಹಿ ಜಾಸ್ತಿ ಅನ್ನಿಸಿತು. ಅವಳು ಒಪ್ಪಲಿಲ್ಲ, ಮೊದಲ ಸ್ಥಾನ ಇದಕ್ಕೇ ಅಂದಳು.

ಮೂರನೆಯದರಿಂದ ಸಂಜೆಗೆ ಕಳೆ ಬಂತು. ಸಿಂಗಲ್ ಪಾಟ್ ಸ್ಟಿಲ್ (ಪಾಟ್ ಸ್ಟಿಲ್ ಅಂದರೆ ಬಟ್ಟಿ ಇಳಿಸುವ ತಾಮ್ರದ ಹಂಡೆ), ಇದೂ 43 ಶೇಕಡಾ, ಇಳಿಸಿದ್ದು ಕಿಲ್ಬೆಗನ್ನಿನಲ್ಲೇ. ಮೊಳಕೆ ಬರಿಸಿದ ಬಾರ್ಲಿಯ ಜೊತೆ ಹಸಿ ಬಾರ್ಲಿಯನ್ನೂ ಸೇರಿಸುವುದು ಐರ್ಲೆಂಡಿನ ಹಳೆಯ ಪದ್ಧತಿ. ಹಿಂದೆ ಮಾಲ್ಟ್ ಮೇಲೆ ತೆರಿಗೆ ಬಿದ್ದಾಗ ಉಳಿತಾಯಕ್ಕೆ ಹಿಡಿದ ದಾರಿ ಅದು. ಇಲ್ಲಿ ಸ್ವಲ್ಪ ಓಟ್ಸ್ ಕೂಡ ಇದೆ, 2.5 ಶೇಕಡಾ. ಮೂಗಿಗೆ ಹಿಟ್ಟಿನ ಗಿರಣಿಯೊಳಗೆ ಕಾಲಿಟ್ಟ ಹಾಗಾಯಿತು. ಬಾಯಲ್ಲಿ ದಪ್ಪಗೆ, ಕೊಂಚ ಜಿಡ್ಡುಜಿಡ್ಡಾಗಿ ನಿಲ್ಲುತ್ತದೆ. ನಿಧಾನಕ್ಕೆ ಕುಡಿಯುವವರಿಗೆ ಹೇಳಿ ಮಾಡಿಸಿದ್ದು.

ಕೊನೆಗೆ ಸ್ಮಾಲ್ ಬ್ಯಾಚ್ ರೈ. ನನ್ನ ಓಟು ಇದಕ್ಕೆ. 2007ರ ನಂತರ, ಪೂರ್ತಿ ಕಿಲ್ಬೆಗನ್ನಿನಲ್ಲೇ ಇಳಿಸಿ, ಅಲ್ಲೇ ಪೀಪಾಯಿಯಲ್ಲಿ ಮಾಗಿಸಿ ಹೊರಬಂದ ಮೊದಲ ವಿಸ್ಕಿ ಇದು. ಮಾರಾಟಕ್ಕೆ ಬಂದಿದ್ದು 2018ರಲ್ಲಿ. ಧಾನ್ಯದಲ್ಲಿ ಸುಮಾರು 30 ಶೇಕಡಾ ರೈ, ಗೋಧಿಯಂಥದ್ದೇ ಒಂದು ಧಾನ್ಯ. 19ನೇ ಶತಮಾನದ ಐರಿಷ್ ಭಟ್ಟಿಗಳಲ್ಲಿ ರೈ ಬಳಕೆ ಇತ್ತು, ಆಮೇಲೆ ಬಿಟ್ಟುಹೋಯಿತು. ಮೊದಲ ಗುಟುಕಿಗೆ ಕಾಳುಮೆಣಸಿನ ಖಾರ. ಹಿಂದೆಯೇ ಹಸಿ ಶುಂಠಿ. ಎರಡು ಹನಿ ನೀರು ಬಿಟ್ಟು ಗ್ಲಾಸ್ ಅಲ್ಲಾಡಿಸಿ ಒಂದು ನಿಮಿಷ ಬಿಟ್ಟೆ. ಖಾರ ಇಳಿದು ಸೇಬಿನ ವಾಸನೆ ಎದ್ದಿತು. ಬ್ಲೆಂಡಿಗೆ ನೀರು ಹಾಕಿದರೆ ಕಳೆದುಕೊಳ್ಳುತ್ತೀರಿ, ಇದಕ್ಕೆ ಹಾಕಿದರೆ ಗಳಿಸುತ್ತೀರಿ. ಒಂದು ಕೊರತೆ ಇದೆ: ಬಾಯಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ. ಆ ಲೆಕ್ಕದಲ್ಲಿ ಪಾಟ್ ಸ್ಟಿಲ್ಲೇ ಮುಂದೆ.

ಗೆಳೆಯನೊಬ್ಬ ಊರಿಂದ ಬೆಂಗಳೂರಿನದೇ ವಿಸ್ಕಿ ಅಮೃತ್ ಫ್ಯೂಷನ್ ತಂದಿದ್ದ. ಅದನ್ನು ಹೋಲಿಕೆಗೆ ಇಳಿಸಲಿಲ್ಲ. 50 ಶೇಕಡಾ, ಮೇಲೆ ಹೊಗೆಯ ವಾಸನೆ. ಮೊದಲೇ ಕುಡಿದಿದ್ದರೆ ಉಳಿದ ನಾಲ್ಕೂ ನೀರು ಅನ್ನಿಸುತ್ತಿದ್ದವು. ಐರ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾದರೆ ಬೆಂಗಳೂರಿನ ಬಿಸಿಲಿಗೆ ಹತ್ತು ಹನ್ನೆರಡು ಹೋಗುತ್ತದೆ, ಮಾಗುವುದೂ ಬೇಗ. ಅದರ ಪಕ್ಕ ಕಡಲೆಕಾಯಿ ಪ್ಯಾಕೆಟ್ ಒಡೆದೆವು.

ಊರಿಗೆ ಹೊರಟವರಿಗೆ ಒಂದು ಲೆಕ್ಕ. ಭಾರತದೊಳಗೆ ಸುಂಕ ಇಲ್ಲದೆ ಒಬ್ಬರು ಒಯ್ಯಬಹುದಾದದ್ದು 2 ಲೀಟರ್. ಇಲ್ಲಿನ ಬಾಟಲಿ 700 ಎಂಎಲ್, ಮೂರು ಇಟ್ಟರೆ 100 ಎಂಎಲ್ ಮೀರುತ್ತದೆ. ಎರಡೇ ಅಂದರೆ ರೈ ಮತ್ತು ಪಾಟ್ ಸ್ಟಿಲ್. ವಿಸ್ಕಿ ಹೊಸದಾಗಿ ಕುಡಿಯುವವರು ಮನೆಯಲ್ಲಿದ್ದರೆ ಪಾಟ್ ಸ್ಟಿಲ್ ಬಿಟ್ಟು ಗ್ರೇನ್ ಇಟ್ಟುಕೊಳ್ಳಿ. ಬ್ಲೆಂಡನ್ನು ಇಲ್ಲೇ ಕುಡಿದು ಮುಗಿಸಿ.