ಕೈಯಲ್ಲಿ ಮಾಡಿದ ಫೆಲ್ಟ್ ಹಾಳೆಗಳ ಹೊಲಿಗೆ ಪೊಟ್ಟಣ: ಉಣ್ಣೆ ಒಳ್ಳೆಯದು, ಜೊತೆಗಿಟ್ಟ ಸಾಮಾನು ಸುಮಾರು

22 ಸೆಂ.ಮೀ. ಚೌಕದ ಐದು ಉಣ್ಣೆ ಫೆಲ್ಟ್ ಹಾಳೆ, 8.5 ಸೆಂ.ಮೀ.ನ ಒಂದು ಲೋಹದ ಪರ್ಸ್ ಫ್ರೇಮ್ (ಪರ್ಸಿನ ಬಾಯಿಗೆ ಕೂರಿಸುವ ಚೌಕಟ್ಟು), ಒಂದು ಜಿಪ್, ಎರಡು ಮ್ಯಾಗ್ನೆಟ್ ಬಟನ್, ಎರಡು ಬ್ರೋಚ್ ಪಿನ್, ಜೊತೆಗೆ ಕತ್ತರಿಸಲು ಅಳತೆ ತೋರಿಸುವ ಕಾಗದದ ನಮೂನೆ. ಕನ್ನಡಕದ ಚೀಲ, ಚಿಲ್ಲರೆ ಪರ್ಸ್, ಬ್ರೋಚ್ ಹೊಲಿಯಬಹುದು ಎಂದು ಪೊಟ್ಟಣದ ಮೇಲೆ ಬರೆದಿದೆ. ಹೊಲಿಯಬಹುದು, ನಿಜ. ಆದರೆ ನಮೂನೆ ಬಿಡಿಸಿದವರ ತಲೆಯಲ್ಲಿದ್ದದ್ದು ಎಲ್ಲ ಕಡೆ ಒಂದೇ ದಪ್ಪದ ಕಾರ್ಖಾನೆ ಫೆಲ್ಟ್. ಕೈಯಲ್ಲಿ ಮಾಡಿದ ಹಾಳೆ ಆ ಲೆಕ್ಕಕ್ಕೆ ಬಗ್ಗುವುದಿಲ್ಲ.

ಉಣ್ಣೆ ಅಸಲಿ. ಮೂಲೆಯಿಂದ ಒಂದು ಚೂರು ಕತ್ತರಿಸಿ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಸ್ಟೇಷನರಿ ಅಂಗಡಿಯ ಪಾಲಿಯೆಸ್ಟರ್ ಫೆಲ್ಟ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ನಮ್ಮ ಕಡೆಯ ಕಂಬಳಿ ನೂತು ನೇಯ್ದದ್ದು. ಫೆಲ್ಟ್‌ನಲ್ಲಿ ನೂಲೂ ಇಲ್ಲ, ಹಾಸುಹೊಕ್ಕೂ ಇಲ್ಲ. ಬಿಸಿನೀರು, ಸೋಪು, ಉಜ್ಜಾಟ ಸೇರಿ ಉಣ್ಣೆ ಎಳೆಯ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಆದದ್ದು. ಕಛ್ ಮತ್ತು ಕಾಶ್ಮೀರದ ನಮ್ದಾ ಎಂಬ ಫೆಲ್ಟ್ ಹಾಸು ಕೂಡ ಇದೇ ಕೆಲಸ. ಕಾಶ್ಮೀರದ್ದರಲ್ಲಿ ಹತ್ತಿ ಬೆರೆಸುವುದುಂಟು. ಹತ್ತಿಗೆ ಹುರುಪೆ ಇಲ್ಲದ್ದರಿಂದ ಅದು ಹೆಚ್ಚಿದಷ್ಟೂ ಹಿಡಿತ ಕಡಿಮೆ. ಈ ಹಾಳೆಗಳಲ್ಲಿ ಹತ್ತಿ ಇಲ್ಲ.

ಕತ್ತರಿ ಹಾಕುವ ಮೊದಲು ಪ್ರತಿ ಹಾಳೆಯನ್ನೂ ಚಿವುಟಿ ನೋಡಬೇಕು. ಎರಡು ಬೆರಳಲ್ಲಿ ಹಿಡಿದು ಎತ್ತಿದಾಗ ಹಾಳೆಯೇ ಎದ್ದು ಬಂದರೆ ಸರಿ. ಮೇಲಿನ ಎಳೆ ಮಾತ್ರ ಎದ್ದರೆ ಅದು ಅರೆಬರೆ ಆದ ಫೆಲ್ಟ್, ಹೊಲಿದ ಮೇಲೆ ಜಗ್ಗುತ್ತದೆ. ಐದರಲ್ಲಿ ಒಂದು, ಸಾಸಿವೆ ಬಣ್ಣದ್ದು, ಹಾಗೇ ಇತ್ತು. ಬಿಸಿನೀರು ಚಿಮುಕಿಸಿ, ಸೋಪು ಸವರಿ, ಬಬಲ್ ರ‍್ಯಾಪ್‌ನಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಉರುಳಿಸಿದರೆ ರಿಪೇರಿಯಾಗುತ್ತದೆ. ಉದ್ದಕ್ಕೂ ಅಡ್ಡಕ್ಕೂ ದಿಕ್ಕು ಬದಲಿಸಿ ಉರುಳಿಸಿ, ಇಲ್ಲದಿದ್ದರೆ ಒಂದೇ ಕಡೆ ಕುಗ್ಗುತ್ತದೆ. ಹೇಗೂ ಹಾಳೆ ಚಿಕ್ಕದಾಗುವುದರಿಂದ ಅಳತೆ, ಗುರುತು ಎಲ್ಲ ಒಣಗಿದ ಮೇಲೆ.

ದಪ್ಪ 3 ಮಿ.ಮೀ. ಎಂದು ಹೇಳಿಕೊಂಡಿದ್ದಾರೆ. ನಡುವೆ 3 ಇದೆ, ಅಂಚಿಗೆ ಬಂದಂತೆ 2ಕ್ಕೆ ಇಳಿಯುತ್ತದೆ. ಇದನ್ನು ದೋಷ ಎನ್ನಲಾಗದು, ಕೈಕೆಲಸ ಎಂದರೆ ಇಷ್ಟೇ. ನಮೂನೆ ಹಾಳೆ ಇದನ್ನು ಹೇಳದಿರುವುದೇ ತಪ್ಪು. ಸುತ್ತ 2 ಸೆಂ.ಮೀ. ಪಟ್ಟಿ ತೆಗೆದು ಬ್ರೋಚ್‌ಗೆ ಎತ್ತಿಡಿ; ಉಳಿದ 18 ಸೆಂ.ಮೀ. ಚೌಕ ಕನ್ನಡಕದ ಚೀಲಕ್ಕೆ ಹೇಳಿ ಮಾಡಿಸಿದಂತಿದೆ. ನಡುವೆ ಮಡಿಸಿದರೆ 18×9. ಕೆಳಗೊಂದು, ಪಕ್ಕಕ್ಕೊಂದು ಹೊಲಿಗೆ ಸಾಕು. ಆಂಕರ್ ಕಸೂತಿ ದಾರದ ಆರು ಎಳೆಯಲ್ಲಿ ಮೂರು ಬಿಡಿಸಿಕೊಂಡು, ಅಂಚಿನಿಂದ 4 ಮಿ.ಮೀ. ಒಳಗೆ, 5 ಮಿ.ಮೀ.ಗೊಂದರಂತೆ ಕಾಜದ ಹೊಲಿಗೆ. ದಾರ ಬಿಗಿಯಾಗಿ ಎಳೆದರೆ ಅಂಚು ಸುಕ್ಕುತ್ತದೆ. ಸಾಮಾನ್ಯ ಓದುವ ಕನ್ನಡಕ ಹಿಡಿಸುತ್ತದೆ, ದೊಡ್ಡ ಕೂಲಿಂಗ್ ಗ್ಲಾಸ್ ಹಿಡಿಸುವುದಿಲ್ಲ.

ಪರ್ಸ್ ಫ್ರೇಮ್ ಇಡೀ ಪೊಟ್ಟಣದಲ್ಲಿ ತೀರಾ ಕಳಪೆ ಆಯ್ಕೆ. ಅಂಟು ಹಾಕಿ ಕೂರಿಸುವ ಬಗೆಯದು, ಬಟ್ಟೆಯ ಅಂಚು ಸೇರಿಸುವ ಸಂದಿನ ಅಗಲ ತೆಳು ಬಟ್ಟೆಗೆ ಲೆಕ್ಕ ಹಾಕಿದ್ದು. 3 ಮಿ.ಮೀ. ಫೆಲ್ಟ್ ಅದರೊಳಗೆ ಹೋಗುವುದಿಲ್ಲ. ಬಲವಂತವಾಗಿ ತುರುಕಿದರೆ ಎರಡು ದಿನದಲ್ಲಿ ಮೂಲೆಯಿಂದ ಕಿತ್ತು ಬರುತ್ತದೆ. ಮೇಲಂಚಿನ 6 ಮಿ.ಮೀ. ಜಾಗವನ್ನು ಒಳಮೈಯಿಂದ ಚೂಪು ಕತ್ತರಿಯಲ್ಲಿ ಸವರಿ ಅರ್ಧ ದಪ್ಪಕ್ಕೆ ಇಳಿಸಿಕೊಂಡರೆ ಕೂರುತ್ತದೆ. ಬಟ್ಟೆ ಬಿಗಿಯಾಗಿ ಕೂರಲೆಂದು ಸಂದಿಗೆ ತುರುಕಲು ಫ್ರೇಮಿನ ಜೊತೆಗೆ ಕೊಟ್ಟ ಕಾಗದದ ಹುರಿ ಫೆಲ್ಟ್‌ಗೆ ಬೇಕಿಲ್ಲ. ತೂತುಗಳಿರುವ, ಹೊಲಿದು ಕೂರಿಸುವ ಫ್ರೇಮ್ ಕೊಟ್ಟಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ.

ಮೆಷಿನ್‌ನಲ್ಲಿ ಜಿಪ್ ಹಾಕುವವರಿಗೆ: 16ನೇ ನಂಬರ್ ಸೂಜಿ, ಹೊಲಿಗೆಯ ಉದ್ದ 3.5 ಮಿ.ಮೀ., ಪ್ರೆಸರ್ ಫೂಟ್‌ನ ಒತ್ತಡ ಕಡಿಮೆ. ಒತ್ತಡ ಇಳಿಸದಿದ್ದರೆ ಫೂಟ್ ಮೇಲಿನ ಫೆಲ್ಟನ್ನು ಮುಂದಕ್ಕೆ ತಳ್ಳಿ ಜಿಪ್ ಅಲೆಅಲೆಯಾಗುತ್ತದೆ. ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಅಡಿಯಲ್ಲಿ ಬಟರ್ ಪೇಪರ್ ಇಟ್ಟು ಹೊಲಿದು ಆಮೇಲೆ ಹರಿದು ತೆಗೆಯಿರಿ. ಮ್ಯಾಗ್ನೆಟ್ ಬಟನ್‌ನ ಕಾಲುಗಳನ್ನು ಬರೀ ಫೆಲ್ಟ್‌ಗೆ ಚುಚ್ಚಿದರೆ ತೆರೆದು ಮುಚ್ಚಿ ಸೀಳು ದೊಡ್ಡದಾಗುತ್ತದೆ. ಹಿಂದೆ 3 ಸೆಂ.ಮೀ. ಚೌಕದ ಹಳೆ ಜೀನ್ಸ್ ಚೂರು ಕೊಟ್ಟು ಕಾಲು ಮಡಿಸಿ.

ಬ್ರೋಚ್ ಚೆನ್ನಾಗಿ ಬರುತ್ತದೆ. ಎತ್ತಿಟ್ಟ ಪಟ್ಟಿಯ ಒಂದು ಅಂಚಿನಲ್ಲಿ 7 ಮಿ.ಮೀ. ಬಿಟ್ಟು 5 ಮಿ.ಮೀ.ಗೊಂದು ಕತ್ತರಿ ಹಾಕಿ, ಸುರುಳಿ ಸುತ್ತುತ್ತಾ ಬುಡದಲ್ಲಿ ಸೂಜಿಯನ್ನು ಈ ಬದಿಯಿಂದ ಆ ಬದಿಗೆ ಹಾಯಿಸಿ. ಗ್ಲೂ ಗನ್ ಬೇಡ: ಅಂಟು ಮೇಲಿನ ಜೂಲನ್ನಷ್ಟೇ ಹಿಡಿಯುತ್ತದೆ, ಜೂಲಿನ ಸಮೇತ ಕಿತ್ತುಬರುತ್ತದೆ. ಪಿನ್ ಅನ್ನೂ 3 ಸೆಂ.ಮೀ. ಫೆಲ್ಟ್ ಬಿಲ್ಲೆಗೆ ಹೊಲಿದೇ ಕೂರಿಸಬೇಕು.

ಕೆಂಪು ಹಾಳೆ ಬಣ್ಣ ಬಿಡುತ್ತದೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿದರೆ ಕಲೆ ಅಂಟುತ್ತದೆ, ಹಾಗಾಗಿ ಅದನ್ನು ತಿಳಿಬಣ್ಣದ ಸೀರೆಗೆ ಚುಚ್ಚುವ ಬ್ರೋಚ್‌ಗೆ ಬಳಸಬೇಡಿ. ಉಳಿದ ನಾಲ್ಕಕ್ಕೂ ತಣ್ಣೀರು, ಸ್ವಲ್ಪ ಶಾಂಪೂ, ಹಿಂಡದೆ ಟವೆಲಿನಲ್ಲಿ ಒತ್ತಿ ನೆರಳಲ್ಲಿ ಒಣಗಿಸುವುದು. ವಾಷಿಂಗ್ ಮೆಷಿನ್‌ಗೆ ಹಾಕಿದರೆ ಇನ್ನಷ್ಟು ಕುಗ್ಗುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟರೆ ಬೂಷ್ಟು, ಹಾಗೇ ಬಿಟ್ಟರೆ ನುಸಿ. ಹತ್ತಿ ಚೀಲದಲ್ಲಿ ನ್ಯಾಫ್ತಲಿನ್ ಗುಳಿಗೆ ಜೊತೆ ಇಡಿ, ಆಗಾಗ ಬಿಸಿಲು ತೋರಿಸಿ.

ಎರಡನೇ ಸಲ ತರಿಸುವವರು ಪೊಟ್ಟಣ ಬಿಟ್ಟು ಬಿಡಿ ಹಾಳೆಗಳನ್ನೇ ಕೇಳಿ, ಅದೇ ಮಾರಾಟಗಾರರು ಕೊಡುತ್ತಾರೆ. ಜಿಪ್ಪು, ಬಟನ್ನು ಚಿಕ್ಕಪೇಟೆಯ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೋ ನಿಮ್ಮೂರಿನ ಲೇಸ್ ಅಂಗಡಿಯಲ್ಲೋ ಸಿಗುತ್ತವೆ. ಹೋಗುವಾಗ ಫೆಲ್ಟ್‌ನ ಒಂದು ಚೂರು ಕೈಯಲ್ಲಿರಲಿ, ಫ್ರೇಮಿನ ಸಂದಿಗೆ ಹಿಡಿಸುತ್ತದೋ ಇಲ್ಲವೋ ಅಲ್ಲೇ ನೋಡಿಕೊಳ್ಳಬಹುದು.