ವಾಚನಾಲಯದ ಲಿನಕ್ಸ್ ಇಮೇಜ್: ಯಾವ ಪ್ರೊಸೆಸರಿಗೆ ಕಟ್ಟುವುದು, ಯಾವುದನ್ನು ಬಿಡುವುದು?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಕನ್ನಡ ವಾಚನಾಲಯ, ಡಿಟಿಪಿ ಅಂಗಡಿಗಳಲ್ಲಿ ಕಾಣುವ ಯಂತ್ರಗಳು ಮುಖ್ಯವಾಗಿ ಮೂರು ಬಗೆ: ಜಿ31 ಮದರ್‌ಬೋರ್ಡಿನ ಇಂಟೆಲ್ ಕೋರ್ 2 ಡ್ಯುಯೋ, ಹತ್ತು ವರ್ಷ ಹಳೆಯ ಐ3, ಅಲ್ಲೊಂದು ಇಲ್ಲೊಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್. ಕನ್ನಡ ಕೀಲಿಮಣೆ, ಫಾಂಟು, ಒಸಿಆರ್ (ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ) ಸೇರಿಸಿದ ಡೆಬಿಯನ್ ಲಿನಕ್ಸ್ ಇಮೇಜನ್ನು (ಯಂತ್ರಕ್ಕೆ ಹಾಕಲು ಸಿದ್ಧವಾದ ಓಎಸ್ ಫೈಲು) ಇವುಗಳಲ್ಲಿ ಹಾಕಿ ನೋಡಿದ ಮೇಲಿನ ಲೆಕ್ಕ ಇದು.

ಪ್ಯಾಕೇಜು ಕಟ್ಟುವ ಕೆಲಸ ಹೆದರುವಷ್ಟಿಲ್ಲ. ಗುಬ್ಬಿ, ಲೋಹಿತ್ ಫಾಂಟು, ಕಗಪ ಕೀಲಿಮಣೆ ವಿನ್ಯಾಸ, ಒಸಿಆರ್ ತಂತ್ರಾಂಶ ಟೆಸೆರಾಕ್ಟ್‌ನ ಕನ್ನಡ ಡೇಟಾ, ಎಲ್ಲ ಪ್ರೊಸೆಸರಿಗೂ ಒಂದೇ ಫೈಲು. ದಿನ ತಿನ್ನುವುದು ಬೂಟ್ ಮಾಡಿಸುವುದು ಮತ್ತು ನಿಜವಾದ ಯಂತ್ರದಲ್ಲಿ ಪರೀಕ್ಷಿಸುವುದು.

ಐ386 (32 ಬಿಟ್ ಪಿಸಿಗೆ ಕಟ್ಟಿದ ಆವೃತ್ತಿ) ಬೇಕೆಂದು ಕೇಳುವವರ ಯಂತ್ರ ಎಷ್ಟೋ ಸಲ 32 ಬಿಟ್ಟಿನದೇ ಅಲ್ಲ. ಹಿಂದೆ ಯಾರೋ ಹಾಕಿಕೊಟ್ಟ ಓಎಸ್ ಮಾತ್ರ 32 ಬಿಟ್. ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು ಆಜ್ಞೆ ಕೊಟ್ಟು ‘ಆಪ್-ಮೋಡ್’ ಸಾಲು ನೋಡಿ. ಅಲ್ಲಿ 64 ಬಿಟ್ ಕೂಡ ಕಂಡರೆ ಎಎಂಡಿ64 (64 ಬಿಟ್ ಪಿಸಿಯ ಆವೃತ್ತಿ, ಇಂಟೆಲ್‌ಗೂ ಇದೇ) ನಡೆಯುತ್ತದೆ. ಕೋರ್ 2 ಡ್ಯುಯೋಗಳೆಲ್ಲ ಪಾಸು. ಆದರೆ ಜಿ31 ಬೋರ್ಡಿಗೆ 4 ಜಿಬಿಗಿಂತ ಹೆಚ್ಚು ರ‍್ಯಾಮ್ ಹಾಕಲಾಗದು, ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್ ಸಾಕು. ಫೇಲಾಗುವುದು ಆಟಂ ಎನ್270 ಮತ್ತು ಮೊದಮೊದಲ ಪೆಂಟಿಯಂ 4. ಅವನ್ನು ಡೆಬಿಯನ್ 12ರಲ್ಲೇ ನಿಲ್ಲಿಸಿ. 2025ರ ಆಗಸ್ಟಿನಲ್ಲಿ ಬಂದ 13ರಲ್ಲಿ ಐ386ಗೆ ಓಎಸ್‌ನ ತಿರುಳಾದ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. 12ರ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) 2028ರ ಜೂನ್‌ಗೆ ಮುಗಿಯುತ್ತದೆ, ಅಷ್ಟರೊಳಗೆ ಯಂತ್ರವೇ ಬದಲಾಗಬೇಕು. 32ರಿಂದ 64ಕ್ಕೆ ಹೋಗುವಾಗ ಇದ್ದಲ್ಲೇ ಬದಲಿಸುವ ಸಾಹಸ ಬೇಡ; ಅಗತ್ಯ ಲೈಬ್ರರಿಗಳು ನಡುವೆ ಕೈಕೊಟ್ಟರೆ ಪ್ಯಾಕೇಜು ಹಾಕುವ ಏಪಿಟಿಯೇ ಓಡುವುದಿಲ್ಲ. ಹೋಮ್ ಪಾರ್ಟಿಷನ್ ಉಳಿಸಿಕೊಂಡು ಹೊಸದಾಗಿ ಹಾಕಿದರೆ ಕೆಲಸ ಬೇಗ.

ಎಎಂಡಿ64ರಲ್ಲೂ ಒಂದು ಆಸೆ ಹುಟ್ಟುತ್ತದೆ: ವೇಗಕ್ಕಾಗಿ ಎಲ್ಲವನ್ನೂ ವಿ3 ಮಟ್ಟಕ್ಕೆ ಕಂಪೈಲ್ ಮಾಡಿದರೆ? (ವಿ2, ವಿ3 ಎಂದರೆ ಪ್ರೊಸೆಸರಿಗೆ ಗೊತ್ತಿರಬೇಕಾದ ಸೂಚನೆಗಳ ಏರುಮಟ್ಟ.) ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9ನೇ ಆವೃತ್ತಿ ವಿ2 ಕೇಳುತ್ತದೆ, 10ನೆಯದು ವಿ3. ಕೋರ್ 2 ಡ್ಯುಯೋದಲ್ಲಿ ಎಸ್‌ಎಸ್‌ಇ4.2 ಎಂಬ ಸೂಚನೆಗಳ ಗುಂಪು ಇಲ್ಲದ ಕಾರಣ ಅದು ವಿ2ವನ್ನೂ ಮುಟ್ಟುವುದಿಲ್ಲ. ವಿ2, ವಿ3ಗೆ ಕಟ್ಟಿದ ಇಮೇಜನ್ನು ಅದರಲ್ಲಿ ಬೂಟ್ ಮಾಡಿದರೆ ಕರ್ನಲ್ ಏಳುತ್ತದೆ, ಮೊದಲ ಪ್ರೋಗ್ರಾಮಾದ ಇನಿಟ್ ಶುರುವಾಗುವಾಗ ಮೂಲ ಲೈಬ್ರರಿ ಗ್ಲಿಬ್‌ಸಿ ದೂರು ಹೇಳಿ, ಕರ್ನಲ್ ಪ್ಯಾನಿಕ್ ಆಗಿ ನಿಲ್ಲುತ್ತದೆ. ವಿ3ಗೆ ಬೇಕಾದ ಎವಿಎಕ್ಸ್2 ಇಂಟೆಲ್‌ನಲ್ಲಿ 2013ರ ಹ್ಯಾಸ್ವೆಲ್‌ನಿಂದ ಇದೆ; ಆದರೆ ಅದೇ ಪೀಳಿಗೆಯ ಪೆಂಟಿಯಂ, ಸೆಲೆರಾನ್‌ಗಳಲ್ಲಿ ಇಲ್ಲ. ಇಸವಿ ನೋಡಿ ನಂಬಿದರೆ ಮೋಸ ಹೋಗುವುದು ಇಲ್ಲೇ. ನಮ್ಮ ಭಾರದ ಕೆಲಸವಾದ ಟೆಸೆರಾಕ್ಟ್ ಪ್ರೊಸೆಸರನ್ನು ತಾನೇ ನೋಡಿ ಎವಿಎಕ್ಸ್2 ಇದ್ದರೆ ಬಳಸಿಕೊಳ್ಳುತ್ತದೆ. ಅದರ ವರ್ಶನ್ ಕೇಳಿದರೆ ಏನು ಸಿಕ್ಕಿತೆಂದು ಹೇಳುತ್ತದೆ. ಹಾಗಾಗಿ ಕೆಳಗಿನ ಮಟ್ಟದಲ್ಲಿ ಕಟ್ಟಿದ ಮಾಮೂಲಿ ಡೆಬಿಯನ್ ಪ್ಯಾಕೇಜಿಗೇ ನಮ್ಮ ಮತ.

ಪೈ 4ಕ್ಕೆ ಆರ್ಮ್64 (64 ಬಿಟ್ ಆರ್ಮ್ ಪ್ರೊಸೆಸರಿನ ಆವೃತ್ತಿ) ಚೆಂದ. ಪೈ 3ರಲ್ಲೂ ಏಳುತ್ತದೆ, ಆದರೆ ರ‍್ಯಾಮ್ 1 ಜಿಬಿ; 64 ಬಿಟ್ಟಿನಲ್ಲಿ ಪಾಯಿಂಟರುಗಳು (ಮೆಮೊರಿ ವಿಳಾಸಗಳು) ದುಪ್ಪಟ್ಟಾಗುವುದರಿಂದ ಬ್ರೌಸರ್ ತೆರೆದೊಡನೆ ಏದುಸಿರು. ಅದಕ್ಕಾಗಿ ಬೇರೆ ಇಮೇಜ್ ಕಟ್ಟುವ ಬದಲು 32 ಬಿಟ್ ರಾಸ್ಪ್‌ಬೆರಿ ಪೈ ಓಎಸ್ ಹಾಕಿ ಮೇಲಿನಿಂದ ಕನ್ನಡ ಪ್ಯಾಕೇಜ್ ಸೇರಿಸಿದರೆ ಸಾಕು. ಪೈ 5ರಲ್ಲಿ ರಾಸ್ಪ್‌ಬೆರಿ ಪೈ ಓಎಸ್‌ನ ಕರ್ನಲ್ 16 ಕೆಬಿ ಮೆಮೊರಿ ಪುಟದ್ದು. 4 ಕೆಬಿ ಎಂದು ಲೆಕ್ಕಹಾಕಿದ ಕೆಲವು ಪ್ರೋಗ್ರಾಮು ಶುರುವಿನಲ್ಲೇ ಬೀಳುತ್ತವೆ. ಕಾನ್ಫಿಗ್ ಫೈಲಿನಲ್ಲಿ 4 ಕೆಬಿ ಪುಟದ ಕರ್ನಲ್8 ಇಮೇಜನ್ನು ಹೆಸರಿಸಿದರೆ ಸರಿಹೋಗುತ್ತದೆ. ಮಳೆಗಾಲದ ಆಟಿ ತಿಂಗಳ ಹೋಗಿಬರುವ ಕರೆಂಟಿಗೆ ಪೈಯ ಎಸ್‌ಡಿ ಕಾರ್ಡು ಬಾಳುವುದು ಕಷ್ಟ. ಯುಎಸ್‌ಬಿ ಎಸ್‌ಎಸ್‌ಡಿಯಿಂದ ಬೂಟ್ ಮಾಡಿಸಿ, ಯುಪಿಎಸ್ ಇಡಿ.

ಡಿಟಿಪಿ ಅಂಗಡಿಗೆ ಮಾತ್ರ ಪೈ ಬೇಡ. ಹಳೆಯ ನುಡಿ, ಬರಹದಂಥ 32 ಬಿಟ್ ವಿಂಡೋಸ್ ತಂತ್ರಾಂಶವನ್ನು ವೈನ್‌ನಲ್ಲಿ (ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಧನ) ತೆರೆಯಲು ಐ386 ಲೈಬ್ರರಿ ಬೇಕು. ಎಎಂಡಿ64ರಲ್ಲಿ ಪ್ಯಾಕೇಜು ನಿಭಾಯಿಸುವ ಡಿಪಿಕೆಜಿಗೆ ಐ386 ಸೇರಿಸಿದರೆ 13ರಲ್ಲೂ ಅವು ಸಿಗುತ್ತವೆ. ಆರ್ಮ್‌ನಲ್ಲಿ ನಡುವೆ ಎಮ್ಯುಲೇಟರ್ ಕೂರಿಸಬೇಕು.

ರಿಸ್ಕ್-ವಿ ಎಂಬ ಇನ್ನೊಂದು ಬಗೆಯ ಪ್ರೊಸೆಸರ್ ಡೆಬಿಯನ್ 13ರಲ್ಲಿ ಅಧಿಕೃತವಾಗಿದೆ, ಆದರೆ ಉಬುಂಟು 25.10 ಆರ್‌ವಿಎ23 ಎಂಬ ಸೂಚನೆಗಳ ಮಟ್ಟ ಕೇಳುವುದರಿಂದ ವಿಷನ್‌ಫೈವ್ 2ರಂಥ ಬೋರ್ಡು ಹೊರಗೆ. ಈ ಮಟ್ಟದ ಜಗ್ಗಾಟ ಮುಗಿಯಲಿ, ಆಮೇಲೆ ನೋಡೋಣ.

ಪರೀಕ್ಷೆಗೆ ಕ್ಯೂಇಎಂಯು (ಯಂತ್ರವನ್ನು ತಂತ್ರಾಂಶದಲ್ಲೇ ಅನುಕರಿಸುವ ಎಮ್ಯುಲೇಟರ್) ಬಳಸುವವರಿಗೆ: ಸಿಪಿಯು ಮಾದರಿಯನ್ನು ‘ಮ್ಯಾಕ್ಸ್’ ಎಂದು ಬಿಟ್ಟರೆ ಇಮೇಜ್ ಸಲೀಸಾಗಿ ಪಾಸಾಗಿ ಬದಿಯಡ್ಕದ ಹಳೆ ಡಬ್ಬಿಯಲ್ಲಿ ಬೀಳುತ್ತದೆ. ‘ಕೋರ್2ಡ್ಯುಯೋ’ ಮಾದರಿ ಕೊಟ್ಟು ಓಡಿಸಿ. ಪೈಯ ಡಿವೈಸ್ ಟ್ರೀ (ಬೋರ್ಡಿನ ಹಾರ್ಡ್‌ವೇರ್ ವಿವರ), ವೈಫೈ ಫರ್ಮ್‌ವೇರ್ ತಪ್ಪಿದ್ದರೆ ಕ್ಯೂಇಎಂಯುನಲ್ಲಿ ಗೊತ್ತಾಗದು. ಒಂದು ಬೋರ್ಡು ಮೇಜಿನ ಮೇಲೆ ಇರಲೇಬೇಕು.